ಗೋಡೆ ಎದ್ದ ಮೇಲೆ ಸಿಕ್ಕ ಖಾತ್ರಿ

ದೊಡ್ಡಪ್ಪ, ಮೈಸೂರು: (ಫಾರ್ವರ್ಡ್) ಅಮೆರಿಕದಲ್ಲಿ 1964ರಲ್ಲೇ ಎಲ್ಲರೂ ಕಾನೂನಿನ ಮುಂದೆ ಸಮಾನರಾದರು. ಆದರೂ ಕಪ್ಪು ಜನ ಇಷ್ಟಪಟ್ಟೇ ತಮ್ಮ ಕೇರಿಗಳಲ್ಲಿ ಉಳಿದಿದ್ದಾರೆ. ಬರಿಗೈಲಿ ಹೋದ ಭಾರತೀಯರು ಮುಂದೆ ಬರಲಿಲ್ಲವೇ? ಎಲ್ಲರಿಗೂ ಕಳಿಸಿ.

ರವಿ, ಬೆಂಗಳೂರು: ಯೋಚನೆ ಮಾಡುವಂಥ ಮಾತು ದೊಡ್ಡಪ್ಪ.

ಸುಮಾ, ಮಿಷಿಗನ್: ದೊಡ್ಡಪ್ಪ, ಇದನ್ನು ಓದಿ ಸುಮ್ನೆ ಇರಲು ನನಗೆ ಆಗುತ್ತಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ ಕಾನೂನು ಬಂದಿದ್ದು 1968ರಲ್ಲಿ. ಅದೂ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಒಂದು ವಾರಕ್ಕೆ. ಅಲ್ಲಿಯವರೆಗೆ ಬೇರೆ ಬೇರೆ ಇಟ್ಟಿದ್ದು ಯಾರ ಇಷ್ಟ?

ಡೆಟ್ರಾಯ್ಟ್‌ನ ಏಯ್ಟ್ ಮೈಲ್ ರಸ್ತೆಯ ಹತ್ತಿರ ಒಂದು ಕಾಂಕ್ರೀಟ್ ಗೋಡೆ ಇದೆ. ಆಳೆತ್ತರ, ಸುಮಾರು ಅರ್ಧ ಮೈಲಿ ಉದ್ದ. 1941ರಲ್ಲಿ ಬಿಲ್ಡರ್ ಒಬ್ಬ ಅಲ್ಲಿ ಬಿಳಿಯರಿಗೆ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆ ಅಂತ, ಮನೆ ಸಾಲಕ್ಕೆ ಖಾತ್ರಿ ಕೊಡುವ ಸರ್ಕಾರಿ ಸಂಸ್ಥೆ ಒಪ್ಪಲಿಲ್ಲ. ನಡುವೆ ಈ ಗೋಡೆ ಎಬ್ಬಿಸಿದ. ಆಮೇಲೆ ಖಾತ್ರಿ ಸಿಕ್ಕಿತು.

ಅತ್ತೆ, ಹಾಸನ: ಸರ್ಕಾರವೇ ಹೀಗೆ ಮಾಡಿತಾ? ಗೋಡೆ ಇನ್ನೂ ಇದೆಯೇನೇ?

ಸುಮಾ: ಇದೆ ಅತ್ತೆ. ಮಕ್ಕಳ ಆಟದ ಮೈದಾನದ ಪಕ್ಕ ಅದರ ಮೇಲೆ ಬಣ್ಣದ ಚಿತ್ರ ಬರೆದಿದ್ದಾರೆ. ಉಳಿದದ್ದು ಮನೆಗಳ ಹಿತ್ತಿಲಲ್ಲಿ ಹಾದುಹೋಗುತ್ತದೆ. ಈಗ ಎರಡೂ ಕಡೆ ಹೆಚ್ಚಾಗಿ ಕಪ್ಪು ಜನರೇ ಇದ್ದಾರೆ.

ರವಿ: ಅಕ್ಕ, ಹಾಗಾದರೆ ಗೋಡೆಯಿಂದ ಈಗ ಯಾರಿಗೂ ಅಡ್ಡಿ ಇಲ್ಲ ಅಲ್ವಾ?

ಸುಮಾ: ಗೋಡೆಯಿಂದ ಇಲ್ಲ ರವಿ. ಕೈಗೆ ಬಾರದ ಆಸ್ತಿಯಿಂದ ಇದೆ. ನ್ಯೂಯಾರ್ಕ್ ಪಕ್ಕದ ಲೆವಿಟ್‌ಟೌನ್ ತಗೋ. 1947ರಿಂದ ಅಲ್ಲಿ 17,000ಕ್ಕೂ ಜಾಸ್ತಿ ಮನೆ ಎದ್ದವು. ಬಿಳಿಯರಲ್ಲದವರು ಇಲ್ಲಿ ವಾಸ ಮಾಡಕೂಡದು ಅಂತ ಕರಾರಿನಲ್ಲೇ ಅಚ್ಚಾಗಿತ್ತು. ಮನೆಗೆಲಸದವರಾದರೆ ಇರಬಹುದಂತೆ! ಯುದ್ಧ ಮಾಡಿ ಬಂದ ಕಪ್ಪು ಸೈನಿಕನಿಗೂ ಅಲ್ಲಿ ಮನೆ ಇಲ್ಲ. 1949ರಲ್ಲಿ 7,990 ಡಾಲರಿಗೆ ಸಿಗುತ್ತಿದ್ದ ಆ ಮನೆಗಳು ಇವತ್ತು ಲಕ್ಷಗಟ್ಟಲೆ ಡಾಲರ್ ಬಾಳುತ್ತವೆ. ಮಕ್ಕಳ ಕಾಲೇಜಿಗೆ, ವಯಸ್ಸಾದ ಮೇಲೆ ಆಸ್ಪತ್ರೆಗೆ ದುಡ್ಡು ಬರುವುದು ಅಂಥ ಮನೆಯಿಂದಲೇ. ಅಜ್ಜನಿಗೆ ಕೊಡದೆ ಮೊಮ್ಮಗನನ್ನು ಯಾಕೆ ಹಿಂದೆ ಬಿದ್ದೆ ಅಂತ ಕೇಳಿದರೆ ನ್ಯಾಯವಾ?

ದೊಡ್ಡಪ್ಪ: ಅನ್ಯಾಯ ಆಗಿಲ್ಲ ಅಂತ ನಾನು ಹೇಳಲಿಲ್ಲಮ್ಮ. ನಮ್ಮ ಶ್ರೀಧರ 1971ರಲ್ಲಿ ಹೋದಾಗ ಜೇಬಿನಲ್ಲಿ ಇದ್ದಿದ್ದು ಎಂಟೇ ಡಾಲರ್. ಅವನನ್ನು ಯಾರು ಕೈಹಿಡಿದು ನಡೆಸಿದರು?

ಸುಮಾ: ಶ್ರೀಧರ ಚಿಕ್ಕಪ್ಪ ಪಟ್ಟ ಕಷ್ಟ ಸಣ್ಣದಲ್ಲ. ಆದರೆ ಆ ಎಂಟು ಡಾಲರ್ ಜೊತೆ ಇಂಜಿನಿಯರಿಂಗ್ ಡಿಗ್ರಿಯೂ ಹೋಗಿತ್ತಲ್ಲ ದೊಡ್ಡಪ್ಪ. ವೀಸಾ ಸಿಕ್ಕಿದ್ದೇ ಅದಕ್ಕೆ. ಅದಕ್ಕೂ ಮುಂಚೆ ನಮ್ಮವರ ಗತಿ ಏನಿತ್ತು ನೋಡಿ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಭಾರತೀಯರ ವಲಸೆಗೆ, ಪೌರತ್ವಕ್ಕೆ ಅವಕಾಶ ಕೊಟ್ಟ 1946ರ ಕಾನೂನು ಬಂದ ಮೇಲೂ ಭಾರತದ ಪಾಲು ವರ್ಷಕ್ಕೆ 100 ಜನ. ಬಾಗಿಲು ಸರಿಯಾಗಿ ತೆರೆದಿದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಲಾಠಿ ಏಟು ತಿಂದು ಸಮಾನತೆ ಕೇಳಿದ ಕಾಲ ಅದು. ಆ ಹೋರಾಟ ಇಲ್ಲದಿದ್ದರೆ ಆ ಕಾನೂನೂ ಆಗ ಬರುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಅವರನ್ನೇ ಹೀಯಾಳಿಸುವ ಮೆಸೇಜು ನಮ್ಮ ಮನೆ ಗುಂಪಿನಲ್ಲಿ ಓಡಾಡಿದರೆ ಹೊಟ್ಟೆ ಉರಿಯುತ್ತದೆ.

ಅತ್ತೆ: ಅಣ್ಣ, "ಇಷ್ಟಪಟ್ಟೇ" ಅನ್ನುವ ಸಾಲು ನನಗೂ ಸರಿ ಕಾಣಲಿಲ್ಲ.

ದೊಡ್ಡಪ್ಪ: ಇರಬಹುದು. ಆದರೂ ಕಾನೂನು ಬಂದು ಇಷ್ಟು ವರ್ಷ ಆದ ಮೇಲೆ ಸ್ವಂತ ಪ್ರಯತ್ನವೂ ಬೇಕು ಅನ್ನುವ ಮಾತು ನಾನು ಬಿಡುವುದಿಲ್ಲ.

ಸುಮಾ: ಪ್ರಯತ್ನ ಬೇಡ ಅಂತ ಯಾರೂ ಹೇಳಿಲ್ಲ. ಇದನ್ನು ಬೇರೆ ಯಾವ ಗುಂಪಿಗೆ ಹಾಕಿದ್ದೀರಿ?

ದೊಡ್ಡಪ್ಪ: ನಮ್ಮ ನಿವೃತ್ತರ ಗುಂಪಿಗೆ.

ಸುಮಾ: ಹಾಗಾದರೆ ಗೋಡೆಯ ವಿಷಯವನ್ನೂ ಅಲ್ಲಿ ಹಾಕಿ ದೊಡ್ಡಪ್ಪ. ಫೋಟೋ ಕಳಿಸುತ್ತೇನೆ.

ದೊಡ್ಡಪ್ಪ: ಕಳಿಸು, ಹಾಕುತ್ತೇನೆ. ಕೆಳಗೆ ನನ್ನ ಅಭಿಪ್ರಾಯವನ್ನೂ ಬರೆಯುತ್ತೇನೆ.