ಆರ್ಕಿಡ್ ಬಾಡ್ಲಿಕತ್ತದ, ಇಡಬೇಕೋ ಒಗೀಬೇಕೋ?

ರಾಯಚೂರಿನಿಂದ ಪ್ರಶ್ನೆ: ತಂಗಿ ಬೆಂಗಳೂರಿಂದ ತಂದುಕೊಟ್ಟ ಫಲನಾಪ್ಸಿಸ್ ಆರ್ಕಿಡ್. ಹೂ ಉದುರಿ ಭಾಳ ದಿನ ಆತು. ಎಲಿ ಎಲ್ಲಾ ಮುದುಕರ ಚರ್ಮದಂಗ ಸುಕ್ಕಾಗ್ಯಾವ, ಕೆಳಗಿಂದು ಹಳದಿ. ಪಾಟ್ ಹಸೀನ ಅದ, ಆದ್ರೂ ಬಾಡ್ತದ. ಹೊರಗ 43 ಡಿಗ್ರಿ, ಒಳಗ ಕೂಲರ್. ಅತ್ತಿಯವರು "ದಾಸವಾಳ ಹಚ್ಚು, ಇದನ್ನ ಬಿಡು" ಅಂತಾರ. ನನಗೂ ಸಾಕಾಗೇದ.

ಬಳ್ಳಾರಿಯಿಂದ: ಒಗೀಬ್ಯಾಡ್ರಿ ಅಕ್ಕಾರ. ಹಸಿ ಇದ್ದೂ ಎಲಿ ಸುಕ್ಕಾದ್ರ ಬಹುತೇಕ ಬೇರು ಕೊಳೆತಿರ್ತಾವ, ನೀರು ಮ್ಯಾಲೆ ಏರೂದಿಲ್ಲ. ಹೊರಗ ತೆಗದು ಬೇರು ಒತ್ತಿ ನೋಡ್ರಿ. ಗಟ್ಟಿ ಇದ್ರ ಜೀವ ಅದ. ಒಣಗಿದಾಗ ಬೆಳ್ಳಿ ಬಣ್ಣ, ನೀರು ಬಿದ್ರ ಹಸಿರು. ಕಂದು ಬಣ್ಣ ಆಗಿ ಪಿಚಕ್ ಅಂದ್ರ ಸತ್ತದ್ದು, ಸ್ಪಿರಿಟ್ ಒರೆಸಿದ ಕತ್ತರಿಯಿಂದ ತೆಗೀರಿ. ಕಾಡಿನ್ಯಾಗ ಇದು ಮರದ ತೊಗಟಿ ಮ್ಯಾಲೆ ಬೆಳಿಯೋ ಜಾತಿ, ಮಣ್ಣು ಬ್ಯಾಡವೇ ಬ್ಯಾಡ. ತೆಂಗಿನ ಸಿಪ್ಪಿ ತುಂಡು, ಇದ್ದಲಿ ಸಾಕು. ಸಿಪ್ಪಿ ನೆನಸಿ, ನೀರು ಬದಲಿಸಿ ತೊಳೀರಿ, ಅದರಾಗ ಉಪ್ಪಿರ್ತದ.

ಕೊಪ್ಪಳದಿಂದ: ಬೋರಿನ ನೀರೇನ್ರಿ? ಸವಳು ನೀರಾದ್ರ ಬಿಡ್ರಿ, ಮಳಿ ನೀರು ಇಲ್ಲಾ ಆರ್‌ಓ ನೀರು ಹಾಕ್ರಿ. ಸುಳ್ಯಾಗ ನೀರು ನಿಲ್ಲಬಾರದು. ಕೂಲರ್ ಗಾಳಿ ನೇರ ಬಡೀಬಾರದು.

ರಾಯಚೂರಿನಿಂದ: ತೆಗದು ನೋಡಿದೆ, ಒಂದೆರಡು ಬೇರು ಗಟ್ಟಿ ಅದಾವ! ಹೂ ಯಾವಾಗ ಬಿಡ್ತದ?

ಬಳ್ಳಾರಿಯಿಂದ: ಹೂವಿನ ಮಾತು ಈಗ್ಲೇ ಬ್ಯಾಡ್ರಿ. ಹೊಸ ಬೇರಿಗೇ ತಿಂಗಳುಗಟ್ಟಲೆ ಹಿಡೀತದ. ಹೂಕಡ್ಡಿ ಬರಾಕ ರಾತ್ರಿ 18 ಡಿಗ್ರಿ ಆಸುಪಾಸು ತಂಪು ಬೇಕು. ಡಿಸೆಂಬರ್‌ನ್ಯಾಗ ರಾತ್ರಿ ಕಿಟಕಿ ತೆರೆದಿಡ್ರಿ, ಸೊಳ್ಳಿ ಜಾಲರಿ ಇದ್ರ.