ಪದಚರ್ಚೆ: ‘ನ್ಯೂನ ಸಂಖ್ಯೆ’ಗೆ ಬೇರೆ ಪದ ಬೇಕು, ಮತ್ತೆ ‘ಕೊಸರು ಸಂಖ್ಯೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ, ಮಂಡ್ಯದಿಂದ.

ಮೊನ್ನೆ ನಮ್ಮಕ್ಕನ ಮಗಳು ಊರಿನ ಪಿನ್‌ಕೋಡ್ 571401 ಹಿಡಿದು ಅಪವರ್ತನ ಹುಡುಕ್ತಾ ಕೂತಿದ್ದಳು. ಅಂಕಿಗಳನ್ನು ಕೂಡಿದರೆ 18, ಹಾಗಾಗಿ 9ರಿಂದ ಭಾಗ ಹೋಗುತ್ತೆ ಅಂತ ಶುರು ಮಾಡಿ, ಇನ್ನೊಂದು ಸಲ 3ರಿಂದ ಭಾಗಿಸಿ, 21163ಕ್ಕೆ ಬಂದು ನಿಂತಳು. 145ರ ಒಳಗಿನ ಅವಿಭಾಜ್ಯಗಳನ್ನೆಲ್ಲ ಇಬ್ಬರೂ ಹಾಕಿ ನೋಡಿದೆವು, ಒಂದರಿಂದಲೂ ಭಾಗ ಹೋಗಲಿಲ್ಲ. ಅದೂ ಅವಿಭಾಜ್ಯವೇ. ಅಲ್ಲಿಗೆ ಅಪವರ್ತನ ಒಟ್ಟು 8. ಆ ಸಂಖ್ಯೆಯನ್ನೇ ಬಿಟ್ಟು ಉಳಿದದ್ದು 1, 3, 9, 27, 21163, 63489, 190467. ಎಲ್ಲ ಕೂಡಿದರೆ 275159, ಅರ್ಧಕ್ಕೂ ಬರಲಿಲ್ಲ.

ಹೀಗೆ ತನ್ನನ್ನು ಬಿಟ್ಟು ಉಳಿದ ಅಪವರ್ತನ ಕೂಡಿದಾಗ ಆ ಸಂಖ್ಯೆಗಿಂತ ಕಡಿಮೆ ಬಂದರೆ, ಅದಕ್ಕೆ ‘ನ್ಯೂನ ಸಂಖ್ಯೆ’ ಅಂತ ಬರೆದುಕೊಟ್ಟೆ. ‘ಮಾವ, ನ್ಯೂನ ಅಂದ್ರೆ ಸೊನ್ನೆಗಿಂತ ಕಡಿಮೆನಾ?’ ಅಂದಳು. ಅವಳು ಕೇಳಿದ್ದು ಸರಿಯಾಗೇ ಇದೆ. ಪದದಲ್ಲಿ ಎಲ್ಲೂ ಅಪವರ್ತನದ ಮಾತಿಲ್ಲ, ಯಾವುದು ಕಡಿಮೆ ಅಂತ ಹೇಳೋದೇ ಇಲ್ಲ. ಇನ್ನೊಂದು, ನ್ಯೂನ ಅಂದ ಕೂಡಲೇ ನಮಗೆ ನೆನಪಾಗೋದು ಊನ, ಕೈಕಾಲು ಇಲ್ಲದ್ದು. ಸುಮಾರು ಕ್ರಿ.ಶ. 100ರ ಹೊತ್ತಿಗೆ ಗ್ರೀಕರ ಗಣಿತಜ್ಞ ನಿಕೋಮೇಕಸ್ ಕೂಡ ಇವನ್ನು ಅಂಗ ಕಮ್ಮಿ ಇರೋ ದೇಹಕ್ಕೆ ಹೋಲಿಸಿದ್ದ. ಆ ಹೋಲಿಕೆಯನ್ನು ಮಕ್ಕಳ ಪುಸ್ತಕದವರೆಗೆ ಹೊತ್ತು ತರಬೇಕಾ? ನನಗೆ ಬೇಡ ಅನಿಸುತ್ತೆ.

ಕೂಡಿದ್ದು ಜಾಸ್ತಿ ಬರೋ ಸಂಖ್ಯೆಗೆ ‘ಸಮೃದ್ಧ’ ಅಂತಾರೆ. ಅದಕ್ಕೆ ನಮ್ಮಲ್ಲಿ ಇನ್ನೂ ಚೆಂದದ ಪದ ಇದೆ, ಕೊಸರು. ಮಾರ್ಕೆಟ್ಟಲ್ಲಿ ಅವರೆಕಾಯಿ ತೂಗಿ, ತಕ್ಕಡಿ ಸರಿಯಾದ ಮೇಲೂ ಒಂದು ಹಿಡಿ ಚೀಲಕ್ಕೆ ಹಾಕ್ತಾರಲ್ಲ, ಅದು ಕೊಸರು. 12 ತಗೊಳ್ಳಿ. 1, 2, 3, 4, 6 ಕೂಡಿದರೆ 16, ಅಂದರೆ 12 ತೂಗಿ ಮೇಲೆ 4 ಕೊಸರು. ಹುಡುಗಿಗೆ ಹೀಗೆ ಹೇಳಿದೆ, ಎರಡನೇ ಸಲ ಹೇಳಬೇಕಾಗಲಿಲ್ಲ. 945 ಅಂತೂ ಬೆಸಸಂಖ್ಯೆಗಳಲ್ಲೇ ಮೊದಲನೇ ಕೊಸರು ಸಂಖ್ಯೆ, ಅಲ್ಲೀವರೆಗಿನ ಬೆಸಗಳಲ್ಲಿ ಒಂದಕ್ಕೂ ಕೊಸರಿಲ್ಲ.

ಕೂಡಿದ್ದು ಆ ಸಂಖ್ಯೆಗೇ ಸರಿಯಾಗಿ ಬರೋ 6, 28, 496, 8128 ಇವಕ್ಕೆ ‘ಪರಿಪೂರ್ಣ ಸಂಖ್ಯೆ’ ಅನ್ನೋದು ರೂಢಿಯಲ್ಲಿದೆ. ಆದರೆ 0, 1, 2, 3 ಎಲ್ಲವನ್ನೂ ಸೇರಿಸಿ ಶಾಲೆಯಲ್ಲಿ ‘ಪೂರ್ಣ ಸಂಖ್ಯೆ’ ಅಂತ ಹೇಳಿಕೊಟ್ಟಿರ್ತಾರೆ. ಮಕ್ಕಳು ಎರಡನ್ನೂ ಕಲಸಿಕೊಳ್ಳೋದು ಅದಕ್ಕೇ. ‘ಸರಿತೂಕದ ಸಂಖ್ಯೆ’ ಅಂದರೆ ಹೇಗೆ?

ನನಗೆ ಸಿಗದೇ ಇರೋದು ನ್ಯೂನಕ್ಕೆ. ‘ಕೊರತೆ ಸಂಖ್ಯೆ’ ಅಂದರೂ ಸೊನ್ನೆಯ ಗೊಂದಲ ಹಾಗೇ ಉಳಿಯುತ್ತೆ. ‘ತೂಕ ಬೀಳದ ಸಂಖ್ಯೆ’ ಉದ್ದ ಆಯ್ತು. ತೂಕ ಕಮ್ಮಿ ಬಂದು ತಕ್ಕಡಿಯ ತಟ್ಟೆ ಮೇಲಕ್ಕೆ ಹೋಗಿ ನಿಂತಾಗ, ನಿಮ್ಮ ಕಡೆ ಒಂದೇ ಪದದಲ್ಲಿ ಏನಂತೀರಿ? ಧಾರವಾಡ, ಮಂಗಳೂರು ಕಡೆಯವರು ‘ಕೊಸರು’ ಅಂದರೆ ತಿಳಿಯುತ್ತಾ ಅನ್ನೋದನ್ನೂ ಹೇಳಿ.