2400 ರ‍್ಯಾಮ್ ಜೊತೆ 3200 ಹಾಕಿದೆ, ಎರಡೂ 2133ಕ್ಕೆ ಓಡ್ತಿವೆ! ಯಾಕೆ?

ಪ್ರಶ್ನೆ ಕೇಳಿದವರು:

ನಮಸ್ಕಾರ. ಎರಡು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಐ5-8250ಯು ಪ್ರೊಸೆಸರ್ ಇದೆ. ರ‍್ಯಾಮ್‌ಗೆ ಎರಡು ಸ್ಲಾಟ್. ಒಂದರಲ್ಲಿ ಮೊದಲಿಂದಲೂ ಇದ್ದ 8 ಜಿಬಿ ಡಿಡಿಆರ್4-2400, ಇನ್ನೊಂದು ಖಾಲಿ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಸಾಕು, ಏದುಸಿರು ಬಿಡುತ್ತಿತ್ತು. ಅದಕ್ಕೇ ಇನ್ನೊಂದು 8 ಜಿಬಿ ತಂದೆ. 2400ರದ್ದು ಸಿಗಲಿಲ್ಲ, 3200 ಸಿಕ್ಕಿತು. ಜಾಸ್ತಿ ವೇಗದ್ದು ತಾನೇ, ನಷ್ಟ ಏನಿದೆ ಅಂದುಕೊಂಡೆ.

ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ತೆಗೆದು ಮತ್ತೆ ಹಾಕಿದೆ, ಮತ್ತೆ ಕಪ್ಪು. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ವಾಪಸ್ ಬಂದು ನೋಡಿದರೆ ವಿಂಡೋಸ್ ಲಾಗಿನ್ ಪರದೆ ಬಂದು ಕೂತಿದೆ!

ಈಗ 16 ಜಿಬಿ ತೋರಿಸುತ್ತಿದೆ, ಸಂತೋಷ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 2133 ಅಂತಿದೆ. ಒಂದು 2400, ಇನ್ನೊಂದು 3200. ಈ 2133 ಎಲ್ಲಿಂದ ಬಂತು?

ಉತ್ತರ 1:

ಮೊದಲು ಕಪ್ಪು ಪರದೆ ವಿಷಯ. ಅದು ತೊಂದರೆ ಅಲ್ಲ. ಹೊಸ ಸ್ಟಿಕ್ ಕಂಡ ತಕ್ಷಣ ಬಯಾಸ್ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂ) ಅದರ ಜೊತೆ ಹೊಂದಿಕೊಳ್ಳೋಕೆ ಒಂದಷ್ಟು ಪರೀಕ್ಷೆ ಮಾಡಿಕೊಳ್ಳುತ್ತದೆ, ಮೆಮೊರಿ ಟ್ರೇನಿಂಗ್ ಅಂತಾರೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೆರಡು ನಿಮಿಷ ಆಗಬಹುದು. ಆ ಹೊತ್ತಿನಲ್ಲಿ ಪರದೆ ಬರೋದಿಲ್ಲ. ನೀವು ಮಧ್ಯದಲ್ಲೇ ಆಫ್ ಮಾಡಿದ್ದರಿಂದ ಅದು ಮತ್ತೆ ಮೊದಲಿಂದ ಶುರು ಮಾಡಿತು. ಫೋನ್ ಮಾಡಿದವರಿಗೆ ಥ್ಯಾಂಕ್ಸ್ ಹೇಳಿ.

ಇನ್ನು ವೇಗ. ಬೇರೆ ಬೇರೆ ವೇಗದ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೇ ಓಡುತ್ತವೆ. ಅದರ ಮೇಲೆ 8250ಯು ಪ್ರೊಸೆಸರ್‌ಗೆ ಡಿಡಿಆರ್4-2400 ಗರಿಷ್ಠ. ಎರಡು 3200 ಹಾಕಿದ್ದರೂ 2400 ದಾಟುತ್ತಿರಲಿಲ್ಲ. ಆ ಲೆಕ್ಕದಲ್ಲಿ ನಿಮಗೆ 2400 ಬರಬೇಕಿತ್ತು. 2133 ನನಗೂ ಅರ್ಥ ಆಗ್ತಿಲ್ಲ.

ಉತ್ತರ 2:

ಸ್ಲಾಟ್ ಅದಲು ಬದಲು ಮಾಡಿ ನೋಡಿ. ವೇಗದ್ದು ಮೊದಲ ಸ್ಲಾಟ್‌ನಲ್ಲಿರಬೇಕು. ಬಯಾಸ್ ಅಪ್‌ಡೇಟ್ ಕೂಡ ಮಾಡಿಬಿಡಿ.

ಪ್ರಶ್ನೆ ಕೇಳಿದವರು:

ಎರಡೂ ಮಾಡಿದೆ. ಏನೂ ಬದಲಾಗಲಿಲ್ಲ, ಅದೇ 2133. ಬಯಾಸ್‌ನಲ್ಲಿ ರ‍್ಯಾಮ್ ವೇಗ ಬದಲಿಸುವ ಆಯ್ಕೆಯೇ ಇಲ್ಲ.

ಉತ್ತರ 3:

ಸ್ಲಾಟ್ ಬದಲಿಸಿದರೆ ವೇಗ ಬದಲಾಗಲ್ಲ, ಅದನ್ನು ಬಿಡಿ. ಇಂಥ ಕೇಸ್‌ನಲ್ಲಿ ನಾನು ಮೊದಲು ಮಾಡೋದು ಒಂದೇ: ಒಂದೊಂದು ಸ್ಟಿಕ್ ಅನ್ನು ಒಂಟಿಯಾಗಿ ಓಡಿಸಿ ನೋಡೋದು. ಹಳೆಯದು ಮಾತ್ರ ಹಾಕಿ ವೇಗ ಬರೆದುಕೊಳ್ಳಿ. ಆಮೇಲೆ ಹೊಸದು ಮಾತ್ರ.

ತೆಗೆಯುವ ಮುಂಚೆ ಚಾರ್ಜರ್ ಕಿತ್ತು, ಬ್ಯಾಟರಿ ಕನೆಕ್ಟರ್ ಕೂಡ ಬಿಡಿಸಿ. ಬರೀ ಶಟ್‌ಡೌನ್ ಸಾಲದು. ಯಾವುದಾದರೂ ಲೋಹದ ವಸ್ತು ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎರಡು ಬದಿಯ ಕ್ಲಿಪ್ ಹೊರಗೆ ಸರಿಸಿದರೆ ಸ್ಟಿಕ್ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹಾಕುವಾಗಲೂ ಹಾಗೇ ಓರೆಯಾಗಿ ಒಳಗೆ ತಳ್ಳಿ. ಚಿನ್ನದ ಬಣ್ಣದ ಪಟ್ಟಿ ಹೆಚ್ಚುಕಡಿಮೆ ಕಾಣದಂತಾಗಬೇಕು. ಆಮೇಲೆ ಕೆಳಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಪಟ್ಟಿ ಒಂದು ಬದಿ ಜಾಸ್ತಿ ಕಾಣ್ತಿದ್ರೆ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಹಾಗೇ ಸಿಪಿಯು-ಝಡ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಹಾಕಿಕೊಂಡು ಎಸ್‌ಪಿಡಿ ಟ್ಯಾಬ್‌ನಲ್ಲಿ ಹೊಸ ಸ್ಟಿಕ್ ಬಗ್ಗೆ ಏನಿದೆ ಹೇಳಿ. ನನಗೊಂದು ಅನುಮಾನ ಇದೆ.

ಪ್ರಶ್ನೆ ಕೇಳಿದವರು:

ಮಾಡಿದೆ ಸರ್. ಹಳೆಯದು ಒಂಟಿಯಾಗಿ 2400. ಹೊಸದು ಒಂಟಿಯಾಗಿ 2133!

ಎಸ್‌ಪಿಡಿ ಟ್ಯಾಬ್‌ನಲ್ಲಿ ಹೊಸದರ ಮ್ಯಾಕ್ಸ್ ಬ್ಯಾಂಡ್‌ವಿಡ್ತ್ ಅನ್ನೋ ಜಾಗದಲ್ಲಿ 1066 ಮೆಗಾಹರ್ಟ್ಸ್ ಅಂತಿದೆ. ಕೆಳಗಿನ ಪಟ್ಟಿಯ ಕೊನೆಯ ಕಾಲಂನಲ್ಲಿ ಎಕ್ಸ್‌ಎಂಪಿ-3200, 1.35 ವೋಲ್ಟ್. ಉಳಿದ ಕಾಲಂಗಳಲ್ಲೆಲ್ಲ 1.2 ವೋಲ್ಟ್.

ಸ್ಟಿಕರ್ ಮೇಲೆ ದಪ್ಪಕ್ಷರದಲ್ಲಿ 3200 ಅಂತ ಇದೆಯಲ್ಲ. ಮೋಸ ಹೋದೆನಾ?

ಉತ್ತರ 3:

ಅನುಮಾನ ನಿಜವಾಯಿತು. ಮೋಸ ಅಲ್ಲ, ಆದರೆ ಸ್ಟಿಕರ್ ಪೂರ್ತಿ ಕಥೆ ಹೇಳುತ್ತಿಲ್ಲ.

ಪ್ರತಿ ಸ್ಟಿಕ್ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ, ಎಸ್‌ಪಿಡಿ ಅಂದರೆ ಅದೇ. "ನಾನು ಇಷ್ಟು ಜಿಬಿ, ಇಷ್ಟು ವೇಗ ತಡೆಯಬಲ್ಲೆ" ಅನ್ನೋ ಜಾತಕ ಅದರಲ್ಲಿ ಬರೆದಿರುತ್ತದೆ. ಆನ್ ಮಾಡಿದಾಗ ಬಯಾಸ್ ಓದೋದು ಈ ಜಾತಕವನ್ನು, ಸ್ಟಿಕರ್ ಅನ್ನಲ್ಲ. ನಿಮ್ಮ ಹೊಸ ಸ್ಟಿಕ್ ಗೇಮಿಂಗ್ ಜಾತಿಯದು. ಅದರ ಜಾತಕದಲ್ಲಿ ಎರಡು ಭಾಗ ಇದೆ. ಒಂದು ಜೆಡೆಕ್ (ಮೆಮೊರಿಗೆ ಮಾನದಂಡ ನಿಗದಿ ಮಾಡುವ ಸಂಸ್ಥೆ) ಮಾನದಂಡದ ಮಾಮೂಲಿ ಭಾಗ, 2133, 1.2 ವೋಲ್ಟ್. ಇನ್ನೊಂದು ಎಕ್ಸ್‌ಎಂಪಿ, 3200, 1.35 ವೋಲ್ಟ್. ಈ ಎರಡನೇ ಭಾಗ ಒಂಥರಾ ಓವರ್‌ಕ್ಲಾಕ್, ಅಂದರೆ ಮಾಮೂಲಿ ಮಿತಿಗಿಂತ ಜಾಸ್ತಿ ವೇಗಕ್ಕೆ ಓಡಿಸೋದು. ಬಯಾಸ್‌ನಲ್ಲಿ ಅದನ್ನು ಆನ್ ಮಾಡುವ ಸೌಲಭ್ಯ ಇದ್ದರೆ ಮಾತ್ರ ಉಪಯೋಗ. ನಿಮ್ಮದರ ಹಾಗೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರಲ್ಲ.

ಹಾಗಾದರೆ ನಡುವಿನ 2400ಕ್ಕಾದರೂ ಯಾಕೆ ಬರಲಿಲ್ಲ? ಮಾಮೂಲಿ ಭಾಗದಲ್ಲಿ "ನನ್ನ ಒಂದು ಕ್ಲಾಕ್‌ಗೆ ಕಡಿಮೆ ಅಂದರೂ 0.938 ನ್ಯಾನೊಸೆಕೆಂಡ್ ಬೇಕು" ಅಂತ ಬರೆದಿದೆ. 2133 ಅಂದರೆ ಅದೇ. 2400ಕ್ಕೆ 0.833 ಸಾಕಾಗಬೇಕು. ಬಯಾಸ್ ಆ ಗೆರೆ ದಾಟಲ್ಲ. ಉತ್ತರ 1ರಲ್ಲಿ ಹೇಳಿದ ನಿಯಮ ಸರಿಯೇ, ನಿಧಾನದ್ದೇ ಗೆಲ್ಲುತ್ತದೆ. ಇಲ್ಲಿ ನಿಧಾನದ್ದು ನಿಮ್ಮ ಹೊಸದು, ಅಷ್ಟೇ.

ಈಗ ಏನು ಮಾಡೋದು? ನನ್ನನ್ನು ಕೇಳಿದರೆ, ವಾಪಸ್ ಕೊಡೋಕೆ ಆಗದಿದ್ದರೆ ಸುಮ್ನೆ ಇಟ್ಟುಕೊಳ್ಳಿ. ಮೊದಲು ಒಂದೇ ಸ್ಟಿಕ್ ಇತ್ತು, ಸಿಂಗಲ್ ಚಾನೆಲ್, ಡೇಟಾಗೆ ಒಂದೇ ದಾರಿ: 2400 × 8 (ಒಂದು ಸಲಕ್ಕೆ 8 ಬೈಟ್), ಅಂದರೆ ಸೆಕೆಂಡಿಗೆ 19.2 ಜಿಬಿ. ಈಗ ಡ್ಯುಯಲ್ ಚಾನೆಲ್, ಎರಡು ದಾರಿ: 2133ರಲ್ಲೇ 34 ಜಿಬಿ ದಾಟುತ್ತದೆ. 2400 ಇದ್ದಿದ್ದರೆ 38.4 ಆಗುತ್ತಿತ್ತು. ನೀವು ಕಳೆದುಕೊಂಡಿದ್ದು ಆ ಕೊನೆಯ ನಾಲ್ಕು. ಇನ್ನು ಕಾಯುವ ಸಮಯ (ಸಿಎಲ್ ಅಂದರೆ ಡೇಟಾಗೆ ಎಷ್ಟು ಕ್ಲಾಕ್ ಕಾಯಬೇಕು ಅನ್ನೋ ಲೆಕ್ಕ): 2133 ಸಿಎಲ್15 ಅಂದರೆ ಸುಮಾರು 14.1 ನ್ಯಾನೊಸೆಕೆಂಡ್, 2400 ಸಿಎಲ್17 ಅಂದರೆ 14.2. ಹೆಚ್ಚುಕಡಿಮೆ ಒಂದೇ. ಬ್ರೌಸರ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡೋರಾದರೆ ಚೂರು ಗೊತ್ತಾಗಬಹುದು.

ವಾಪಸ್ ಕೊಡಬಹುದಾದರೆ, ಮಾಮೂಲಿ 1.2 ವೋಲ್ಟ್‌ನ ಸ್ಟಿಕ್ ತಗೊಳ್ಳಿ. ಲೇಬಲ್ ಮೇಲೆ ಪಿಸಿ4-2400ಟಿ ಅಥವಾ ಪಿಸಿ4-3200ಎಎ ಅಂತ ಇರುವಂಥದ್ದು. ಆ 3200ಎಎ ತನ್ನ ಮಾಮೂಲಿ ಭಾಗದಲ್ಲೇ 3200 ಅಂತ ಬರೆದುಕೊಂಡಿರುತ್ತದೆ, 2400ಕ್ಕೆ ಆರಾಮಾಗಿ ಇಳಿಯುತ್ತದೆ. ಮಿನುಗುವ ಸ್ಟಿಕರ್, 1.35 ವೋಲ್ಟ್ ಅಂತ ಕಂಡರೆ ಲ್ಯಾಪ್‌ಟಾಪ್‌ಗೆ ಬೇಡ.

ಏನೇ ಹಾಕಿದರೂ ಒಂದು ರಾತ್ರಿ ಮೆಮ್‌ಟೆಸ್ಟ್86+ (ಮೆಮೊರಿಯಲ್ಲಿ ತಪ್ಪು ಹುಡುಕುವ ಸಾಫ್ಟ್‌ವೇರ್) ಓಡಿಸಿ ಮಲಗಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಸ್ಟಿಕ್ ಅನ್ನು ನಂಬಬೇಡಿ. ಮೊದಲು ತೆಗೆದು ಸರಿಯಾಗಿ ಕೂರಿಸಿ, ಮತ್ತೆ ಬಂದರೆ ವಾಪಸ್ ಕೊಡಿ.

ಉತ್ತರ 4:

ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಹಳೆಯ ಡಿಡಿಆರ್3 ಲ್ಯಾಪ್‌ಟಾಪ್. ಒಂದು 1333, ಇನ್ನೊಂದು 1600 ಹಾಕಬಹುದಾ?

ಉತ್ತರ 3:

ವೇಗದ ಮಟ್ಟಿಗೆ ತೊಂದರೆ ಇಲ್ಲ, ಎರಡೂ 1333ಕ್ಕೆ ಓಡುತ್ತವೆ. ಆದರೆ ಡಿಡಿಆರ್3ರಲ್ಲಿ ನೋಡಬೇಕಾದ್ದು ವೋಲ್ಟೇಜ್. ಸಾದಾ ಡಿಡಿಆರ್3 1.5 ವೋಲ್ಟ್, ಡಿಡಿಆರ್3ಎಲ್ 1.35. ಎರಡಕ್ಕೂ 204 ಪಿನ್, ಕಚ್ಚು ಕೂಡ ಒಂದೇ ಜಾಗದಲ್ಲಿ, ಹಾಗಾಗಿ ಯಾವುದು ಹಾಕಿದರೂ ಕೂರುತ್ತದೆ. ಕೂತಿತು ಅಂದ ಮಾತ್ರಕ್ಕೆ ಓಡಬೇಕು ಅಂತೇನಿಲ್ಲ. 1.35 ಮಾತ್ರ ಕೊಡುವ ಲ್ಯಾಪ್‌ಟಾಪ್‌ಗೆ 1.5ರದ್ದು ಹಾಕಿದರೆ ಬೂಟ್ ಆಗದೇ ಇರಬಹುದು. ಈಗಿರುವ ಸ್ಟಿಕ್ ಮೇಲೆ ಪಿಸಿ3ಎಲ್ (ಅಂದರೆ ಡಿಡಿಆರ್3ಎಲ್) ಅಂತಿದ್ದರೆ ಅದನ್ನೇ ತನ್ನಿ. ಡಿಡಿಆರ್4 ತರಲೇಬೇಡಿ, ಅದಕ್ಕೆ 260 ಪಿನ್, ಸ್ಲಾಟ್‌ಗೆ ಹೋಗೋದೇ ಇಲ್ಲ.

ಪ್ರಶ್ನೆ ಕೇಳಿದವರು:

ಅಪ್‌ಡೇಟ್. ಬದಲಾಯಿಸಿಕೊಂಡೆ. ಈ ಸಲ 3200ಎಎ, 1.2 ವೋಲ್ಟ್. ಹಾಕಿ ಆನ್ ಮಾಡಿ, ಕೈ ಕಟ್ಟಿಕೊಂಡು ಕೂತೆ. ಮುಕ್ಕಾಲು ನಿಮಿಷಕ್ಕೆ ಪರದೆ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ 2400! ಮೆಮ್‌ಟೆಸ್ಟ್ ರಾತ್ರಿ ಪೂರ್ತಿ ಓಡಿತು, ಒಂದೂ ತಪ್ಪಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಆದರೆ ಸಿಪಿಯು-ಝಡ್‌ನ ಮೆಮೊರಿ ಟ್ಯಾಬ್ 1197 ಮೆಗಾಹರ್ಟ್ಸ್ ಅಂತಿದೆಯಲ್ಲ ಸರ್, ಅರ್ಧ ಎಲ್ಲಿ ಹೋಯ್ತು?

ಉತ್ತರ 1:

ಇದು ನನಗೆ ಗೊತ್ತು! ಎಲ್ಲೂ ಹೋಗಿಲ್ಲ. ಡಿಡಿಆರ್ ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಕಳಿಸುತ್ತದೆ. ಸಿಪಿಯು-ಝಡ್ ಕ್ಲಾಕ್ ಎಣಿಸುತ್ತದೆ, ಟಾಸ್ಕ್ ಮ್ಯಾನೇಜರ್ ಡೇಟಾ ಎಣಿಸುತ್ತದೆ. 1197 ಅನ್ನು ಎರಡರಿಂದ ಗುಣಿಸಿ ನೋಡಿ.